ಕಾಲ ಕಳೆದರೂ ಕಳೆಯದ ನೆನಪು



'ಕಾಲವೇ ಎಲ್ಲಕ್ಕೂ ಮದ್ದು' ಎಂಬ ಮಾತು ನಮ್ಮ ಜನರ ಬಾಯಲ್ಲಿ ಬಹಳ ಹಿಂದಿನಿಂದ ಇದೆ. ಸಾವಿನ ಮನೆಗೆ ಹೋದವರು ಬೇರೇನೂ ತೋಚದೆ ಈ ಮಾತನ್ನಾಡಿ ಬರುತ್ತಾರೆ. ಆಡಿದ್ದು ಸುಳ್ಳೂ ಅಲ್ಲ. ವರ್ಷ ತುಂಬುವ ಹೊತ್ತಿಗೆ ಆ ಮನೆಯಲ್ಲಿ ಮತ್ತೆ ಒಗ್ಗರಣೆಯ ವಾಸನೆ ಏಳುತ್ತದೆ, ಮಕ್ಕಳ ನಗು ಕೇಳುತ್ತದೆ. ಮನುಷ್ಯನ ಮನಸ್ಸು ಬಹುಮಟ್ಟಿಗೆ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳಬಲ್ಲದು. ಆದರೆ ಕೆಲವರಿಗೆ ಈ ಮದ್ದು ಹತ್ತುವುದಿಲ್ಲ. ಕ್ಯಾಲೆಂಡರಿನ ಹಾಳೆಗಳು ಒಂದೊಂದಾಗಿ ಹರಿದುಹೋಗುತ್ತವೆ. ಅವರ ಬದುಕಿನ ಒಂದು ಗಳಿಗೆ ಮಾತ್ರ ಕದಲದೆ ನಿಂತುಬಿಡುತ್ತದೆ. ಹೀಗೆ ಕಾಲ ಕಳೆದರೂ ಕಳೆಯದೆ ಉಳಿಯುವ ನೆನಪಿನ ಕಾಯಿಲೆಯನ್ನು ಕುರಿತು, ಅದಕ್ಕೆ ಇಂದು ದೊರೆಯುವ ಚಿಕಿತ್ಸೆಯನ್ನು ಕುರಿತು, ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ. ನಾನು ವೈದ್ಯನಲ್ಲ, ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಈ ವಿಷಯದಲ್ಲಿ ನನಗಿರುವ ಅಧಿಕಾರ ಒಂದೇ: ಎರಡು ವರ್ಷ ಕಾಲ ನಾನೇ ಅದರ ಹಿಡಿತದಲ್ಲಿದ್ದೆ.

2014ರ ಮಳೆಗಾಲದ ಒಂದು ರಾತ್ರಿ. ಉತ್ತರಪತ್ರಿಕೆಗಳ ಮೌಲ್ಯಮಾಪನ ಮುಗಿಸಿಕೊಂಡು ಬಸ್ಸಿನಲ್ಲಿ ಊರಿಗೆ ಮರಳುತ್ತಿದ್ದೆ. ಕಿಟಕಿಯ ಸಂದಿನಿಂದ ಎರಚಲು ಹೊಡೆಯುತ್ತಿತ್ತು. ನನ್ನದು ಮೊದಲೇ ಶೀತದ ಮೈ. ಪಕ್ಕದಲ್ಲಿದ್ದ ಹುಡುಗನನ್ನು, ಇಪ್ಪತ್ತು ವರ್ಷವಿದ್ದೀತು, 'ಈ ಕಡೆ ಕೂರುತ್ತೀಯೇನಪ್ಪಾ' ಎಂದು ಕೇಳಿದೆ. ಅವನು ಎದ್ದು ಕಿಟಕಿಯ ಬಳಿ ಕುಳಿತ. ಅರ್ಧ ಗಂಟೆ ಕಳೆದಿರಲಿಲ್ಲ. ತಿರುವೊಂದರಲ್ಲಿ ಎದುರಿನಿಂದ ಬಂದ ಲಾರಿ ಬಸ್ಸಿನ ಬಲಮಗ್ಗುಲನ್ನು ಸೀಳಿಕೊಂಡು ಹೋಯಿತು. ಬಸ್ಸು ಹಳ್ಳಕ್ಕೆ ವಾಲಿ ಮಗುಚಿತು. ನನಗೆ ಮುಂಗೈ ಮುರಿದದ್ದು ಬಿಟ್ಟರೆ ಬೇರೆ ಪೆಟ್ಟಿಲ್ಲ. ಹುಡುಗ ಬೆಳಗಾಗುವಷ್ಟರಲ್ಲಿ ತೀರಿಕೊಂಡ. ಅವನ ತಲೆ ನನ್ನ ತೊಡೆಯ ಮೇಲಿತ್ತು. ಸುತ್ತ ಮಳೆಯ ಸದ್ದು, ಡೀಸೆಲಿನ ವಾಸನೆ.

ಮುಂಗೈ ಆರು ವಾರದಲ್ಲಿ ಕೂಡಿಕೊಂಡಿತು. ಕೂಡಿಕೊಳ್ಳದೆ ಹೋದದ್ದು ಬೇರೆ. ರಾತ್ರಿ ಎರಡು ಗಂಟೆಗೆ ಬೆವರಿನಲ್ಲಿ ತೊಯ್ದು ಏಳುತ್ತಿದ್ದೆ. ಬೀದಿಯಲ್ಲಿ ಲಾರಿಯೊಂದು ಹೊಗೆ ಬಿಟ್ಟುಕೊಂಡು ಹೋದರೆ ಸಾಕು, ನಾನು ನಿಂತ ಬೀದಿ ಮಾಯವಾಗಿ ಆ ಹಳ್ಳದಲ್ಲಿರುತ್ತಿದ್ದೆ. 'ನೆನಪಾಗುತ್ತಿತ್ತು' ಎಂದರೆ ತಪ್ಪಾಗುತ್ತದೆ. ನೆನಪಿಗೆ ಒಂದು ದೂರವಿರುತ್ತದೆ, ಇದಕ್ಕೆ ದೂರವೇ ಇರಲಿಲ್ಲ. ಒಂದು ದಿನ ತರಗತಿಯಲ್ಲಿ ಹಿಂದಿನ ಬೆಂಚು ಉರುಳಿತು. ನಾನು ಮೇಜಿನ ಹಿಂದೆ ಕುಕ್ಕರಿಸಿ ಕುಳಿತುಬಿಟ್ಟೆ. ಹುಡುಗರು ಮೊದಲು ನಕ್ಕರು, ಆಮೇಲೆ ಒಬ್ಬರೂ ನಗಲಿಲ್ಲ. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆಯುವ ಭಾಗವನ್ನು ಇಪ್ಪತ್ತೈದು ಸಲವಾದರೂ ಪಾಠ ಮಾಡಿದ್ದೆ. ಆ ವರ್ಷ ಅದನ್ನು ಓದಲು ಬಾಯಿ ಬರಲಿಲ್ಲ. ಬಸ್ಸು ಹತ್ತುವುದನ್ನು ಬಿಟ್ಟೆ. ಅನಂತರ ಸಭೆಗಳಿಗೆ ಹೋಗುವುದನ್ನೂ, ಸ್ನೇಹಿತರ ಮನೆಗೆ ಹೋಗುವುದನ್ನೂ ಬಿಟ್ಟೆ. ಮನೆಯಲ್ಲಿ ಕಾರಣವಿಲ್ಲದೆ ಸಿಡಿಯುತ್ತಿದ್ದೆ. ಎಲ್ಲಕ್ಕಿಂತ ಮಿಗಿಲಾಗಿ, ಆ ಹುಡುಗನನ್ನು ನಾನೇ ಕೊಂದೆ ಎಂಬ ಒಂದು ವಾಕ್ಯ ಎದೆಯಲ್ಲಿ ಕುಳಿತು ಹಗಲಿರುಳೂ ತನ್ನನ್ನೇ ಜಪಿಸಿಕೊಳ್ಳುತ್ತಿತ್ತು.

ಬಂಧುಗಳು ಹೇಳಿದ್ದು ಒಂದೇ ಮಾತು: 'ದೇವರು ದೊಡ್ಡವನು, ನೀವು ಉಳಿದಿರಲ್ಲ, ಅದನ್ನು ಮರೆತುಬಿಡಿ.' ವೈದ್ಯರೊಬ್ಬರು ನರದೌರ್ಬಲ್ಯವೆಂದು ನಿದ್ರೆಯ ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ನಿದ್ರೆ ಬಂತು, ಕನಸು ನಿಲ್ಲಲಿಲ್ಲ. ಇನ್ನೊಬ್ಬರು ತಾಯಿತ ಕಟ್ಟಿಸಿದರು. ಅವರೆಲ್ಲರ ಪ್ರೀತಿಯ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ನನಗೆ ಆಗಿದ್ದ ಕಾಯಿಲೆಗೆ ಒಂದು ಹೆಸರಿದೆ, ಚಿಕಿತ್ಸೆಯೂ ಇದೆ ಎಂಬುದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ನನ್ನ ಕೊಠಡಿಯಿಂದ ಮೂರು ಬಾಗಿಲಾಚೆ ಮನಶ್ಶಾಸ್ತ್ರ ವಿಭಾಗವಿತ್ತು. ಅಲ್ಲಿನ ಸಹೋದ್ಯೋಗಿಯೊಬ್ಬರು ಎರಡು ವರ್ಷದ ಮೇಲೆ ಒಂದು ಸಂಜೆ ನನ್ನನ್ನು ಕೂರಿಸಿಕೊಂಡು, 'ಸ್ವಾಮಿ, ಇದು ನಿಮ್ಮ ಸ್ವಭಾವವಲ್ಲ, ಕಾಯಿಲೆ' ಎಂದಾಗಲೇ ನನಗೆ ಮೊದಲ ಬಾರಿಗೆ ಉಸಿರು ಬಂದಂತಾಯಿತು.

ಆ ಕಾಯಿಲೆಯ ಹೆಸರು ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್. ಸಂಕ್ಷೇಪವಾಗಿ ಪಿ.ಟಿ.ಎಸ್.ಡಿ. ಎನ್ನುತ್ತಾರೆ. 'ಆಘಾತೋತ್ತರ ಒತ್ತಡದ ಅಸ್ವಸ್ಥತೆ' ಎಂದು ಕನ್ನಡದಲ್ಲಿ ಹೇಳುವುದುಂಟು. ಸಾವನ್ನೋ ಘೋರವಾದ ಗಾಯವನ್ನೋ ಅತ್ಯಾಚಾರವನ್ನೋ ಎದುರಿಸಿದವರಲ್ಲಿ, ಅಥವಾ ಅಂಥದನ್ನು ಕಣ್ಣಾರೆ ಕಂಡವರಲ್ಲಿ, ಇದು ತಲೆದೋರಬಹುದು. ವೈದ್ಯರು ಇದರ ಲಕ್ಷಣಗಳನ್ನು ನಾಲ್ಕು ಗುಂಪು ಮಾಡಿ ಹೇಳುತ್ತಾರೆ. ಮೊದಲನೆಯದು, ಆದ ಘಟನೆ ಕರೆಯದೆ ಬಂದು ಎರಗುವುದು. ಹಗಲು ಕಣ್ಣಿಗೆ ಕಟ್ಟುವ ದೃಶ್ಯವಾಗಿ, ಇರುಳು ದುಃಸ್ವಪ್ನವಾಗಿ. ಎರಡನೆಯದು, ಅದನ್ನು ನೆನಪಿಸುವ ಜಾಗ, ಜನ, ಮಾತು ಎಲ್ಲದರಿಂದ ತಪ್ಪಿಸಿಕೊಂಡು ತಿರುಗುವುದು. ಮೂರನೆಯದು, ತನ್ನ ಬಗ್ಗೆ, ಲೋಕದ ಬಗ್ಗೆ ನಂಬಿಕೆ ಕುಸಿಯುವುದು. ತಪ್ಪಿತಸ್ಥ ಭಾವ, ನಾಚಿಕೆ, ಯಾರ ಮೇಲೂ ಮಮತೆ ಹುಟ್ಟದಂಥ ಬರಡು. ನಾಲ್ಕನೆಯದು, ಮೈ ಸದಾ ಕಾವಲು ನಿಂತಂತಿರುವುದು. ಸಣ್ಣ ಸದ್ದಿಗೆ ಬೆಚ್ಚುವುದು, ಸಿಡುಕು, ನಿದ್ರೆಯಿಲ್ಲದಿರುವುದು. ಇವು ಒಂದು ತಿಂಗಳಿಗೆ ಮೀರಿ ಉಳಿದು, ನಿತ್ಯದ ಬಾಳನ್ನು ಕೆಡಿಸತೊಡಗಿದರೆ ಮಾತ್ರ ಕಾಯಿಲೆ ಎನ್ನುತ್ತಾರೆ. ಮೊದಲ ಕೆಲವು ವಾರ ಇಂಥ ತೊಂದರೆ ಯಾರಿಗಾದರೂ ಆಗಬಹುದು. ಅದು ಮನಸ್ಸು ಗಾಯ ಮಾಯಿಸಿಕೊಳ್ಳುವ ರೀತಿ.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಅಂದಾಜಿನಂತೆ ಲೋಕದಲ್ಲಿ ನೂರಕ್ಕೆ ಸುಮಾರು 70 ಜನ ತಮ್ಮ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಆಘಾತಕ್ಕೆ ಒಳಗಾಗುತ್ತಾರೆ; ಹಾಗೆ ಒಳಗಾದವರಲ್ಲಿ ಕಾಯಿಲೆ ನಿಲ್ಲುವುದು ನೂರಕ್ಕೆ ಐದಾರು ಮಂದಿಗೆ. ಅತ್ಯಾಚಾರ, ಯುದ್ಧ ಮುಂತಾದ ಕ್ರೌರ್ಯಕ್ಕೆ ಸಿಕ್ಕವರಲ್ಲಿ ಈ ಪ್ರಮಾಣ ಬಹಳ ಹೆಚ್ಚು. ಒಂದೇ ಬಸ್ಸಿನಲ್ಲಿದ್ದ ಇಬ್ಬರಲ್ಲಿ ಒಬ್ಬ ಮುಂದಿನ ತಿಂಗಳು ಅದೇ ದಾರಿಯಲ್ಲಿ ನಿದ್ರೆ ಮಾಡುತ್ತ ಪ್ರಯಾಣ ಮಾಡಬಹುದು, ಇನ್ನೊಬ್ಬ ಆ ಹಳ್ಳದಲ್ಲೇ ಉಳಿಯಬಹುದು. ಮೊದಲನೆಯವನು ಧೀರನೂ ಅಲ್ಲ, ಎರಡನೆಯವನು ಹೇಡಿಯೂ ಅಲ್ಲ. ಒಂದೇ ಮಳೆಯಲ್ಲಿ ನೆನೆದವರಲ್ಲಿ ಒಬ್ಬನಿಗೆ ಜ್ವರ ಬಂದರೆ ನಾವು ಅವನ ಗುಣವನ್ನು ಶಂಕಿಸುತ್ತೇವೆಯೇ?

ಆದರೆ ಚರಿತ್ರೆ ಬಹುಕಾಲ ಹಾಗೆಯೇ ಶಂಕಿಸಿತು. ಮೊದಲ ಮಹಾಯುದ್ಧದಲ್ಲಿ, ಮೈಮೇಲೆ ಗಾಯವೇ ಇಲ್ಲದ ಸೈನಿಕರು ಮಾತು ಕಳೆದುಕೊಂಡು, ನಡುಗುತ್ತ, ಕುರುಡರಂತಾಗಿ ಕಂದಕಗಳಿಂದ ಹೊರಬರತೊಡಗಿದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಂಥವರ ವಿಷಯ ಬರೆದು, ಅದಕ್ಕೆ 'ಶೆಲ್ ಶಾಕ್' ಎಂಬ ಹೆಸರನ್ನು ಬಳಕೆಗೆ ತಂದ. ಸಿಡಿಗುಂಡಿನ ಅದುರಿನಿಂದ ಮಿದುಳಿಗೆ ಪೆಟ್ಟಾಗಿರಬೇಕು ಎಂಬುದು ಆಗಿನ ಊಹೆ. ಸಿಡಿಗುಂಡಿನ ಸಮೀಪಕ್ಕೇ ಹೋಗದವರಲ್ಲೂ ಅದು ಕಂಡಾಗ ಆ ಊಹೆ ನಿಲ್ಲಲಿಲ್ಲ. ಆಗ ಸೇನಾಧಿಕಾರಿಗಳಲ್ಲಿ ಅನೇಕರು ಇದು ಪುಕ್ಕಲುತನವೆಂದೇ ತೀರ್ಮಾನಿಸಿದರು. ಆ ಯುದ್ಧದಲ್ಲಿ ಬ್ರಿಟಿಷ್ ಸೇನೆ ರಣಹೇಡಿತನ, ಪಲಾಯನ ಮೊದಲಾದ ಆರೋಪಗಳ ಮೇಲೆ ಗುಂಡಿಕ್ಕಿ ಕೊಂದ ತನ್ನದೇ ಸೈನಿಕರಲ್ಲಿ 306 ಮಂದಿಗೆ ಬ್ರಿಟನ್ನಿನ ಸಂಸತ್ತು ಕ್ಷಮೆ ನೀಡಿದ್ದು 2006ರಲ್ಲಿ. ಅವರಲ್ಲಿ ಅಪರಾಧಿಗಳಲ್ಲದ ರೋಗಿಗಳೂ ಇದ್ದರೆಂಬುದನ್ನು ಒಪ್ಪಿಕೊಳ್ಳಲು ತೊಂಬತ್ತು ವರ್ಷ ಬೇಕಾಯಿತು.

ಅದೇ ಯುದ್ಧಕಾಲದಲ್ಲಿ ಬೇರೆ ದಾರಿ ಹಿಡಿದವನೊಬ್ಬನಿದ್ದ. ಅವನು ಡಾಕ್ಟರ್ ರಿವರ್ಸ್. ನಮಗೆ ಅವನು ಪೂರ್ತಿ ಅಪರಿಚಿತನಲ್ಲ. ಯುದ್ಧಕ್ಕೆ ಮೊದಲು ನಮ್ಮ ನೆರೆಯ ನೀಲಗಿರಿಗೆ ಬಂದು, ತೋಡರ ನಡುವೆ ಅಧ್ಯಯನ ಮಾಡಿ, 1906ರಲ್ಲಿ ಅವರನ್ನು ಕುರಿತು ದೊಡ್ಡ ಗ್ರಂಥ ಪ್ರಕಟಿಸಿದ ವಿದ್ವಾಂಸ ಆತನೇ. ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಅವನ ಕೈಕೆಳಗೆ ಬಂದ ಅಧಿಕಾರಿಗಳಲ್ಲಿ ಕವಿ ಸೀಗ್‌ಫ್ರಿಡ್ ಸಸೂನ್ ಒಬ್ಬ. 1917ರಲ್ಲಿ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದ್ದಕ್ಕಾಗಿ ಅವನನ್ನು ಅಲ್ಲಿಗೆ ಕಳುಹಿಸಿದ್ದರು. ಅದೇ ಆಸ್ಪತ್ರೆಯಲ್ಲಿ ಮತ್ತೊಬ್ಬ ವೈದ್ಯನ ಬಳಿ ಚಿಕಿತ್ಸೆ ಪಡೆಯುತ್ತಿದ್ದ ವಿಲ್‌ಫ್ರೆಡ್ ಓವೆನ್‌ಗೂ ಸಸೂನನಿಗೂ ಅಲ್ಲಿಯೇ ಸ್ನೇಹವಾಯಿತು. ರಿವರ್ಸ್ ತನ್ನ ರೋಗಿಗಳಲ್ಲಿ ಒಂದು ವಿಚಿತ್ರವನ್ನು ಗಮನಿಸಿದ. ಅವರಿಗೆ ಎಲ್ಲರೂ ಕೊಟ್ಟಿದ್ದ ಉಪದೇಶ, ಆದದ್ದನ್ನು ಮನಸ್ಸಿನಿಂದ ತಳ್ಳಿಹಾಕು ಎಂಬುದು. ಹಗಲೆಲ್ಲ ಅವರು ಹಟದಿಂದ ತಳ್ಳುತ್ತಿದ್ದರು; ತಳ್ಳಿದಷ್ಟೂ ಅದು ರಾತ್ರಿ ಬಲವಾಗಿ ಮರಳುತ್ತಿತ್ತು. ಉಪದೇಶವೇ ರೋಗವನ್ನು ಪೋಷಿಸುತ್ತಿದೆ ಎಂದು ಅವನು ವಾದಿಸಿದ. ಆದದ್ದನ್ನು ಎದುರಿಟ್ಟುಕೊಂಡು ಮಾತನಾಡುವಂತೆ, ಅದರೊಳಗೆ ಸಹಿಸಬಲ್ಲ ಒಂದು ಅರ್ಥವನ್ನು ಹುಡುಕಿಕೊಳ್ಳುವಂತೆ ಅವರಿಗೆ ನೆರವಾದ. ಗುಣ ಕಂಡವರು ಮತ್ತೆ ಯುದ್ಧಕ್ಕೇ ಹೋಗಬೇಕಾದದ್ದು ಆ ಚಿಕಿತ್ಸೆಯ ದುರಂತ. ಓವೆನ್ 1918ರ ನವೆಂಬರ್ 4ರಂದು, ಕದನವಿರಾಮಕ್ಕೆ ಒಂದು ವಾರವಿರುವಾಗ, ರಣರಂಗದಲ್ಲಿ ಮಡಿದ.

ಮುಂದೆ ಎರಡನೆಯ ಮಹಾಯುದ್ಧ ಬಂತು, ವಿಯೆಟ್ನಾಂ ಯುದ್ಧ ಬಂತು. ವಿಯೆಟ್ನಾಮಿನಿಂದ ಮರಳಿದ ಅಮೆರಿಕದ ಸೈನಿಕರೂ, ಅತ್ಯಾಚಾರಕ್ಕೊಳಗಾದ ಸ್ತ್ರೀಯರ ಪರವಾಗಿ ದನಿಯೆತ್ತಿದ ಮಹಿಳಾ ಚಳವಳಿಯೂ ಬೇರೆ ಬೇರೆ ಕಡೆಯಿಂದ ಒಂದೇ ಸತ್ಯವನ್ನು ಮುಂದಿಟ್ಟರು. 1974ರಲ್ಲಿ ಆನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಮ್ ಎಂಬ ವಿದುಷಿಯರು ಅತ್ಯಾಚಾರಕ್ಕೆ ಸಿಕ್ಕವರಲ್ಲಿ ಕಂಡ ಆಘಾತದ ಲಕ್ಷಣಗಳನ್ನು ವರ್ಣಿಸಿದರು. ಅವು ಯುದ್ಧದಿಂದ ಬಂದವರ ಲಕ್ಷಣಗಳನ್ನೇ ಬಹಳಷ್ಟು ಹೋಲುತ್ತಿದ್ದವು. ಕೊನೆಗೆ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯದ ಕೈಪಿಡಿಯಲ್ಲಿ ಪಿ.ಟಿ.ಎಸ್.ಡಿ. ಎಂಬ ಹೆಸರನ್ನು ಸೇರಿಸಿತು. ವರ್ಷಗಟ್ಟಲೆ ಮತ್ತೆ ಮತ್ತೆ ಹಿಂಸೆಗೆ ಸಿಕ್ಕವರಲ್ಲಿ, ಅದರಲ್ಲೂ ಬಾಲ್ಯದಲ್ಲಿ ಸಿಕ್ಕವರಲ್ಲಿ, ಕಾಣುವ ಹೆಚ್ಚು ಜಟಿಲವಾದ ಬಗೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಯಲ್ಲಿರುವ ತನ್ನ ವರ್ಗೀಕರಣದಲ್ಲಿ ಬೇರೆಯಾಗಿಯೇ ಗುರುತಿಸಿದೆ.

ಹೆಸರು ಹೊಸದಾದರೂ ಸ್ಥಿತಿ ಹೊಸದಲ್ಲ. ವ್ಯಾಸಭಾರತದ ಶಾಂತಿಪರ್ವದ ಆರಂಭವನ್ನು ನೆನೆಯಿರಿ. ಯುದ್ಧ ಗೆದ್ದಿದೆ, ಸಿಂಹಾಸನ ಕಾದಿದೆ. ಧರ್ಮರಾಯ ಮಾತ್ರ ಕರ್ಣನನ್ನು, ಅಭಿಮನ್ಯುವನ್ನು ನೆನೆದು, ತಾನೇ ಅವರೆಲ್ಲರನ್ನು ಕೊಲ್ಲಿಸಿದವನೆಂದು ಹಲುಬುತ್ತ, ಕಾಡಿಗೆ ಹೋಗುತ್ತೇನೆ ಎನ್ನುತ್ತಾನೆ. ಅರ್ಜುನ ವಾದಿಸುತ್ತಾನೆ, ಭೀಮ ಹಂಗಿಸುತ್ತಾನೆ, ದ್ರೌಪದಿ ಬುದ್ಧಿಗೆಟ್ಟವನೆಂಬಂತೆ ಕಟುವಾಗಿ ಆಡುತ್ತಾಳೆ. ಅವರದ್ದೂ ಪ್ರೀತಿಯೇ; ಆದರೆ ಆ ಮಾತು ಅವನಿಗೆ ತಾಕುವುದಿಲ್ಲ. ಕೊನೆಗೆ ಅವನನ್ನು ಕರೆದೊಯ್ಯುವುದು ಎಲ್ಲಿಗೆ? ಅದೇ ಕುರುಕ್ಷೇತ್ರಕ್ಕೆ, ಶರಶಯ್ಯೆಯಲ್ಲಿ ಮಲಗಿದ ಭೀಷ್ಮನ ಬಳಿಗೆ. ತಾನೇ ಗಾಯಪಡಿಸಿದ ಅಜ್ಜನ ಮುಖ ನೋಡಲು ಧರ್ಮರಾಯ ನಾಚಿ ಅಳುಕುತ್ತಾನೆ; ಭೀಷ್ಮನೇ ಹತ್ತಿರ ಕರೆದು, ಹೆದರದೆ ಕೇಳು ಎನ್ನುತ್ತಾನೆ. ಆಮೇಲೆ ದಿನದಿನವೂ ಹೋಗಿ ಕುಳಿತು, ಕೇಳಿ, ಕೇಳಿ, ಅವನು ತಿಳಿಯಾಗುತ್ತಾನೆ. ಈ ಪರ್ವವನ್ನು ನಾನು ರಾಜಧರ್ಮದ ಉಪದೇಶವೆಂದೇ ಓದಿಕೊಂಡಿದ್ದೆ. ನನ್ನ ಕಾಯಿಲೆಯ ನಂತರ ಓದಿದಾಗ, ಅಲ್ಲಿ ಒಬ್ಬ ರೋಗಿಯೂ, ಅವನನ್ನು ಗಾಯವಾದ ಸ್ಥಳಕ್ಕೇ ಕೈಹಿಡಿದು ನಡೆಸುವ ಜ್ಞಾನಿಗಳೂ ಕಂಡರು.

ಮನಸ್ಸಿನಲ್ಲಿ ಹೀಗೇಕೆ ಆಗುತ್ತದೆ? ವಿಜ್ಞಾನ ಕೊಡುವ ವಿವರಣೆಯನ್ನು ನಾನು ತಿಳಿದ ಮಟ್ಟಿಗೆ ಸರಳವಾಗಿ ಹೇಳುತ್ತೇನೆ. ಮಿದುಳಿನಲ್ಲಿ ಬಾದಾಮಿಯ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಅಪಾಯ ಕಂಡೊಡನೆ ಗಂಟೆ ಬಾರಿಸುವುದು ಅದರ ಕೆಲಸ. ಹತ್ತಿರದಲ್ಲೇ ಹಿಪೊಕ್ಯಾಂಪಸ್ ಎಂಬ ಇನ್ನೊಂದು ಭಾಗವಿದೆ. ಅದನ್ನು ಕಚೇರಿಯ ಗುಮಾಸ್ತನೆನ್ನಬಹುದು. ಬಂದ ಅನುಭವಕ್ಕೆ ಸ್ಥಳ, ಕಾಲ, ಸಂದರ್ಭಗಳ ಮುದ್ರೆಯೊತ್ತಿ ಕಡತಕ್ಕೆ ಸೇರಿಸುವುದರಲ್ಲಿ ಅದರ ಪಾತ್ರ ದೊಡ್ಡದು. ಘೋರವಾದ ಭಯದ ಗಳಿಗೆಯಲ್ಲಿ ಗಂಟೆ ಎಷ್ಟು ಜೋರಾಗಿ ಬಾರಿಸುತ್ತದೆಂದರೆ ಗುಮಾಸ್ತನ ಕೆಲಸ ಅಸ್ತವ್ಯಸ್ತವಾಗುತ್ತದೆ. ವಾಸನೆ, ಸದ್ದು, ಬೆಳಕು ತುಂಡುತುಂಡಾಗಿ ಉಳಿಯುತ್ತವೆ. 'ಇದು ಇಂಥ ದಿನ ನಡೆದು ಮುಗಿದದ್ದು' ಎಂಬ ಮುದ್ರೆ ಸರಿಯಾಗಿ ಬೀಳುವುದಿಲ್ಲ. ಮುಂದೆ ಅದೇ ವಾಸನೆ ತಗುಲಿದಾಗ ಮೈ ಅದನ್ನು ಹಳೆಯ ಸಂಗತಿಯೆಂದು ತಿಳಿಯದೆ, ಈಗಿನ ಅಪಾಯವೆಂದೇ ತಿಳಿಯುತ್ತದೆ.

ವ್ಯಾಕರಣ ಹೇಳಿದವನ ಬಾಯಲ್ಲಿ ಹೇಳುವುದಾದರೆ, ಇದು ಭೂತಕಾಲದಲ್ಲಿ ಇರಬೇಕಾದ ಕ್ರಿಯಾಪದ ವರ್ತಮಾನಕಾಲದಲ್ಲಿ ಸಿಕ್ಕಿಕೊಂಡಂಥ ಸ್ಥಿತಿ. ನಮ್ಮ ಭಾಷೆಯಲ್ಲಿ 'ಭೂತ' ಎಂಬ ಒಂದೇ ಶಬ್ದಕ್ಕೆ ಕಳೆದುಹೋದದ್ದು ಎಂಬ ಅರ್ಥವೂ ಉಂಟು, ದೆವ್ವ ಎಂಬ ಅರ್ಥವೂ ಉಂಟು. ಕಳೆದದ್ದು ಕಳೆದದ್ದಾಗದೆ ಹೋದರೆ ದೆವ್ವವಾಗಿ ಕಾಡುತ್ತದೆ. ಆದ್ದರಿಂದ ಈ ಕಾಯಿಲೆಗೆ ಮರೆವು ಮದ್ದಲ್ಲ. ಮರೆಯಲು ಯತ್ನಿಸಿದಷ್ಟೂ ಅದು ಕಡತ ಸೇರದೆ ಹೊರಗೇ ಅಲೆಯುತ್ತದೆ. ಬೇಕಾದದ್ದು ಅದನ್ನು ನಿಜವಾದ ನೆನಪಾಗಿ ಮಾಡುವುದು. ನಾನು ಈ ಹೊತ್ತು ಹೇಳಬೇಕೆಂದಿದ್ದ ಮುಖ್ಯವಾದ ಮಾತು ಇದೇ.

ಇಂದು ಪರೀಕ್ಷೆಗೆ ಒಳಪಟ್ಟು ಗುಣಕಾರಿಯೆಂದು ಸಿದ್ಧವಾಗಿರುವ ಚಿಕಿತ್ಸೆಗಳೆಲ್ಲ ಬೇರೆ ಬೇರೆ ದಾರಿಯಿಂದ ಈ ಕೆಲಸವನ್ನೇ ಮಾಡುತ್ತವೆ. ಎಡ್ನಾ ಫೋವಾ ಎಂಬಾಕೆ ರೂಪಿಸಿದ ಪದ್ಧತಿಯಲ್ಲಿ ರೋಗಿ ಸುರಕ್ಷಿತವಾದ ಕೋಣೆಯಲ್ಲಿ, ತಿಳಿದವರ ಸಮ್ಮುಖದಲ್ಲಿ, ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ಹೇಳುತ್ತಾನೆ. ತಪ್ಪಿಸಿಕೊಳ್ಳುತ್ತಿದ್ದ ಆದರೆ ವಾಸ್ತವವಾಗಿ ಅಪಾಯವಿಲ್ಲದ ಜಾಗಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಮರಳುತ್ತಾನೆ. ಪೆಟ್ರೀಷಿಯಾ ರೆಸಿಕ್ ರೂಪಿಸಿದ ಪದ್ಧತಿಯಲ್ಲಿ, ಆಘಾತ ಮನಸ್ಸಿನಲ್ಲಿ ನಾಟಿಹೋದ 'ತಪ್ಪು ನನ್ನದೇ', 'ಯಾರನ್ನೂ ನಂಬಬಾರದು' ಎಂಬಂಥ ತೀರ್ಮಾನಗಳನ್ನು ಬರೆದು, ಸಾಕ್ಷ್ಯ ಕೇಳಿ, ಒರೆಗೆ ಹಚ್ಚುತ್ತಾರೆ. ಫ್ರಾನ್ಸೀನ್ ಶಪೀರೊ 1987ರಲ್ಲಿ ಆರಂಭಿಸಿದ ಇ.ಎಂ.ಡಿ.ಆರ್. ಎಂಬ ಮೂರನೆಯ ಪದ್ಧತಿಯಲ್ಲಿ, ರೋಗಿ ಘಟನೆಯನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಚಿಕಿತ್ಸಕರ ಬೆರಳಿನ ಆಚೀಚೆಯ ಚಲನೆಯನ್ನು ಕಣ್ಣಿನಿಂದ ಹಿಂಬಾಲಿಸುತ್ತಾನೆ. ಕಣ್ಣಿನ ಚಲನೆ ಹೇಗೆ ನೆರವಾಗುತ್ತದೆಂಬ ಬಗ್ಗೆ ವಿದ್ವಾಂಸರಲ್ಲಿ ವಾದವಿದ್ದರೂ, ಗುಣವಾಗುವುದು ದೃಢಪಟ್ಟಿದೆ. ಇವು ಅನಂತಕಾಲ ನಡೆಯುವ ಚಿಕಿತ್ಸೆಗಳಲ್ಲ. ಒಂದೇ ಆಘಾತವಾದವರಿಗೆ ಸಾಮಾನ್ಯವಾಗಿ ಎಂಟರಿಂದ ಹದಿನೈದು ಭೇಟಿಗಳು, ಜಟಿಲವಾದ ಸ್ಥಿತಿಗೆ ಇನ್ನಷ್ಟು.

ಔಷಧಿಗಳ ಸ್ಥಾನವೂ ಇದೆ. ಸರ್ಟ್ರಲೀನ್, ಪ್ಯಾರಾಕ್ಸೆಟೀನ್ ಮೊದಲಾದ, ಖಿನ್ನತೆಗೆ ಕೊಡುವ ಕೆಲವು ಔಷಧಿಗಳು ಅನೇಕರಿಗೆ ಹಿತ ನೀಡುತ್ತವೆ. ಅವನ್ನು ಮನೋವೈದ್ಯರು ನೋಡಿ ಕೊಡಬೇಕು, ತಾವಾಗಿ ನಿಲ್ಲಿಸಬಾರದು. ಡಯಜೆಪಾಂ ಜಾತಿಯ ನಿದ್ರೆಯ ಮಾತ್ರೆಗಳನ್ನು ಈ ಕಾಯಿಲೆಗೆ ಚಿಕಿತ್ಸೆಯಾಗಿ ಕೊಡಬಾರದೆಂದೇ ಈಗಿನ ವೈದ್ಯಕೀಯ ಮಾರ್ಗದರ್ಶನ ಹೇಳುತ್ತದೆ. ಅವು ರೂಢಿಯಾಗಿಬಿಡುತ್ತವೆ, ಮೂಲವನ್ನು ಮುಟ್ಟುವುದಿಲ್ಲ. ಮದ್ಯಕ್ಕೂ ಈ ಮಾತು ಸಲ್ಲುತ್ತದೆ. ಮರೆಯಲೆಂದು ಕುಡಿಯತೊಡಗಿದವನಿಗೆ ಒಂದರ ಬದಲು ಎರಡು ಕಾಯಿಲೆ.

ನನಗೆ ದೊರೆತದ್ದು ಮೊದಲ ಎರಡು ಪದ್ಧತಿಗಳನ್ನು ಕೂಡಿಸಿದಂಥ ಚಿಕಿತ್ಸೆ. ಮೊದಲ ಎರಡು ಭೇಟಿಗಳಲ್ಲಿ ಆ ರಾತ್ರಿಯ ವಿಷಯವನ್ನೇ ಅವರು ಕೆದಕಲಿಲ್ಲ. ಉಸಿರನ್ನು ಹತೋಟಿಗೆ ತರುವುದು ಹೇಗೆ, ಮುಂದೆ ಏನು ಮಾಡುತ್ತೇವೆ, ಏಕೆ ಮಾಡುತ್ತೇವೆ ಎಂದು ತಿಳಿಸಿದರು. ಮೂರನೆಯ ಭೇಟಿಯಲ್ಲಿ ಹೇಳಲು ಕುಳಿತೆ. ಮೂವತ್ತು ವರ್ಷ ಮಾತಿನಿಂದಲೇ ಅನ್ನ ಉಂಡವನಿಗೆ ಹತ್ತು ವಾಕ್ಯ ಹೊರಡಲಿಲ್ಲ. ಸುಳ್ಳು ಹೇಳಲಾರೆ, ಆ ವಾರ ನನ್ನ ಸ್ಥಿತಿ ಮೊದಲಿಗಿಂತ ಕೆಟ್ಟಿತು. ಬಿಟ್ಟುಬಿಡೋಣ ಎನ್ನಿಸಿತು. ಹಾಗೆ ಅನ್ನಿಸುತ್ತದೆಂದು ಅವರು ಮೊದಲೇ ಹೇಳಿದ್ದರಿಂದ ಮತ್ತೆ ಹೋದೆ. ಆರನೆಯ ಸಲ ಹೇಳುವಾಗ ನನಗೆ ಪೂರ್ತಿ ತಪ್ಪಿಹೋಗಿದ್ದ ಒಂದು ವಿವರ ಬಂತು. ಕಿಟಕಿ ಬಿಟ್ಟುಕೊಟ್ಟಾಗ ಆ ಹುಡುಗ, ತನಗೆ ಮಳೆ ನೋಡುವುದು ಇಷ್ಟವೆಂದು ಹೇಳಿದ್ದ. ಅದರಿಂದ ನನಗೆ ಸಮಾಧಾನವಾಯಿತೆಂದು ಹೇಳಲಾರೆ, ಅಳು ಬಂತು. ಎರಡು ವರ್ಷದಲ್ಲಿ ಅದೇ ಮೊದಲ ಅಳು. ಅದುವರೆಗೆ ಅವನು ನನ್ನ ಪಾಲಿಗೆ ಒಂದು ತಲೆ, ಒಂದು ಭಾರ ಮಾತ್ರವಾಗಿದ್ದ. ಅಂದು ಮತ್ತೆ ಮಳೆ ನೋಡುವ ಒಬ್ಬ ಹುಡುಗನಾದ.

ಆಮೇಲೆ ಅವರು, 'ನಾನೇ ಕೊಂದೆ' ಎಂಬ ನನ್ನ ವಾಕ್ಯವನ್ನು ಕಾಗದದ ಮೇಲೆ ಬರೆಸಿದರು. 'ಸ್ಥಳ ಬದಲಾಯಿಸಿದಾಗ ಲಾರಿ ಬರುವುದು ನಿಮಗೆ ಗೊತ್ತಿತ್ತೆ?' ಎಂದು ಕೇಳಿದರು. ಇಷ್ಟು ಸಣ್ಣ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳಬಹುದಾಗಿತ್ತು ಎನ್ನುತ್ತೀರಿ. ಕೇಳಿಕೊಂಡಿರಲಿಲ್ಲ, ಬೆಂಕಿಯೊಳಗಿದ್ದವನಿಗೆ ತರ್ಕ ಹೊಳೆಯುವುದಿಲ್ಲ. ಹನ್ನೆರಡು ಭೇಟಿಗಳ ನಂತರ, ಒಂದು ಮಧ್ಯಾಹ್ನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಸ್ಸಿನಲ್ಲಿ ಆ ದಾರಿಯಲ್ಲಿ ಹೋಗಿಬಂದೆ. ಈಗಲೂ ಡೀಸೆಲಿನ ವಾಸನೆ ಬಂದರೆ ಅವನು ನೆನಪಾಗುತ್ತಾನೆ. ನೆನಪಾಗುತ್ತಾನೆ, ಅಷ್ಟೇ; ನಾನು ನಿಂತ ಬೀದಿ ನಿಂತಲ್ಲೇ ಇರುತ್ತದೆ.

ಇಂಥ ನೆರವು ದೂರದೇಶದ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ನಾಡಿನಲ್ಲಿ ಇದಕ್ಕೆ ಪರಂಪರೆಯೇ ಇದೆ. 1981ರ ಫೆಬ್ರವರಿಯಲ್ಲಿ ಬೆಂಗಳೂರಿನ ಸರ್ಕಸ್ ಡೇರೆಯೊಂದಕ್ಕೆ ಬೆಂಕಿ ಬಿದ್ದು ಅನೇಕ ಮಕ್ಕಳು ಸತ್ತಾಗ, ಅವರನ್ನು ಕಳೆದುಕೊಂಡ ಬಂಧುಗಳ ದುಃಖವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಅಧ್ಯಯನ ಮಾಡಿದರು. 1984ರ ಡಿಸೆಂಬರಿನ ಭೋಪಾಲದ ವಿಷಾನಿಲ ದುರಂತದ ಮರುವರ್ಷ, ಡಾ. ಆರ್. ಶ್ರೀನಿವಾಸಮೂರ್ತಿಯವರೂ ಅವರ ಸಂಗಡಿಗರೂ ಅಲ್ಲಿನ ಸಾಮಾನ್ಯ ವೈದ್ಯರಿಗೆ, ಮನಸ್ಸಿನ ಗಾಯವನ್ನು ಗುರುತಿಸಿ ಉಪಚರಿಸುವ ತರಬೇತಿ ನೀಡಿದರು. ಶ್ವಾಸಕೋಶಕ್ಕೆ ಹೊಕ್ಕ ವಿಷದೊಡನೆ ಮನಸ್ಸಿಗೆ ಹೊಕ್ಕದ್ದನ್ನೂ ನೋಡಬೇಕೆಂಬ ಅರಿವು ನಮ್ಮಲ್ಲಿ ಬೇರೂರಿದ್ದು ಇಂಥವರಿಂದ.

ಹಾಗಾದರೆ ಎಲ್ಲಿಗೆ ಹೋಗಬೇಕು? ಬೆಂಗಳೂರಿಗೆ ಹತ್ತಿರವಿರುವವರಿಗೆ ನಿಮ್ಹಾನ್ಸ್ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದವರು 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಈ ಸೇವೆ ಉಚಿತವಾದದ್ದು. ಹಗಲಿರುಳೂ ಇರುತ್ತದೆ, ಕನ್ನಡದಲ್ಲೂ ಮಾತನಾಡುತ್ತಾರೆ. ಬದುಕೇ ಬೇಡವೆನ್ನಿಸುವ ಗಳಿಗೆ ಬಂದರೆ ನಾಳೆಗೆ ಕಾಯದೆ ಆ ಕ್ಷಣವೇ ಕರೆ ಮಾಡಬೇಕು, ಇಲ್ಲವೆ ಹತ್ತಿರದ ಆಸ್ಪತ್ರೆಗೆ ಹೋಗಬೇಕು. 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯ್ದೆ ಚಿಕಿತ್ಸೆ ಪಡೆಯುವುದನ್ನು ಹಕ್ಕೆಂದು ಹೇಳಿದೆ. ವಿಮೆಯ ವಿಷಯದಲ್ಲಿ ಮನಸ್ಸಿನ ಕಾಯಿಲೆಯನ್ನು ದೇಹದ ಕಾಯಿಲೆಗೆ ಸಮನಾಗಿ ಕಾಣಬೇಕೆಂದೂ ವಿಧಿಸಿದೆ.

ಚಿಕಿತ್ಸಕರ ಬಳಿಗೆ ಹೋದಾಗ ಸಂಕೋಚಪಡದೆ ಮೂರು ಪ್ರಶ್ನೆ ಕೇಳಿ. ಆಘಾತದ ಕಾಯಿಲೆಗೆ ಚಿಕಿತ್ಸೆ ಮಾಡಿ ಅನುಭವವಿದೆಯೇ? ಯಾವ ಪದ್ಧತಿಯಲ್ಲಿ ಮಾಡುತ್ತೀರಿ? ಸುಮಾರು ಎಷ್ಟು ಭೇಟಿ ಬೇಕಾಗುತ್ತದೆ? ತಿಳಿದವರು ಇದಕ್ಕೆ ಸಂತೋಷದಿಂದ ಉತ್ತರ ಕೊಡುತ್ತಾರೆ. ಮೊದಲ ದಿನವೇ ಎಲ್ಲವನ್ನೂ ಹೇಳೆಂದು ಬಲವಂತ ಮಾಡುವವರಿಂದ, ಒಂದೇ ಭೇಟಿಯಲ್ಲಿ ಗುಣಪಡಿಸುತ್ತೇವೆ ಎನ್ನುವವರಿಂದ ದೂರವಿರಿ. ಒಬ್ಬರು ಹೊಂದದಿದ್ದರೆ ಇನ್ನೊಬ್ಬರನ್ನು ನೋಡಿ. ಕಾಯಿಲೆಗೆ ಚಿಕಿತ್ಸೆಯೇ ಇಲ್ಲವೆಂದು ತಿಳಿಯಬೇಡಿ.

ಕೊನೆಯದಾಗಿ, ಮನೆಯವರಿಗೆ ಒಂದು ಮಾತು. ನಿಮ್ಮಲ್ಲಿ ಇಂಥವರೊಬ್ಬರು ಇರಬಹುದು. ಯುದ್ಧದಿಂದ ಬಂದ ಸೈನಿಕನೇ ಆಗಬೇಕೆಂದಿಲ್ಲ. ಕಷ್ಟದ ಹೆರಿಗೆಯಾದ ಮಗಳಿರಬಹುದು, ಪ್ರವಾಹದಲ್ಲಿ ಮನೆ ಕಳೆದುಕೊಂಡ ನೆರೆಯವನಿರಬಹುದು, ಯಾರಿಗೂ ಹೇಳಲಾಗದ್ದನ್ನು ಒಳಗಿಟ್ಟುಕೊಂಡ ಸೊಸೆಯಿರಬಹುದು. ಅವರಿಗೆ 'ಮರೆತುಬಿಡು' ಎನ್ನಬೇಡಿ. 'ಹೇಳು' ಎಂದು ಪೀಡಿಸಲೂ ಬೇಡಿ. ಹೇಳುವ ಹೊತ್ತು ಬಂದಾಗ ಕೇಳಲು ನಾವಿದ್ದೇವೆ ಎಂಬುದು ಅವರಿಗೆ ತಿಳಿದಿರಲಿ. ಆಸ್ಪತ್ರೆಗೆ ಹೋಗುವ ದಿನ ಜೊತೆಗೆ ಹೋಗಿ, ಹೊರಗಿನ ಬೆಂಚಿನ ಮೇಲೆ ಕುಳಿತಿರಿ. ಹನ್ನೆರಡು ವಾರ ನನ್ನ ಹೆಂಡತಿ ಮಾಡಿದ್ದು ಅಷ್ಟೇ. ಅದು ಸಣ್ಣ ಉಪಕಾರವಲ್ಲ.

ಕಾಲವೇ ಮದ್ದು ಎಂಬ ನಮ್ಮ ಹಿರಿಯರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ನಿಂತುಹೋದ ಕಾಲವನ್ನು ಮತ್ತೆ ಹರಿಯುವಂತೆ ಮಾಡಲು ಕೆಲವೊಮ್ಮೆ ಇನ್ನೊಬ್ಬರ ಕೈ ಬೇಕಾಗುತ್ತದೆ, ಅಷ್ಟೆ. ಆ ಕೈ ಇಂದು ನಮಗೆ ಎಟುಕುವಷ್ಟು ಹತ್ತಿರದಲ್ಲಿದೆ. ನನಗೆ ಅದು ಎರಡು ವರ್ಷ ತಡವಾಗಿ ಸಿಕ್ಕಿತು. ನಿಮ್ಮಲ್ಲಿ ಯಾರಿಗೂ ಅಷ್ಟು ತಡವಾಗದಿರಲಿ.